ಮಂಡಿಚಿಪ್ಪಿನಿಂದ ಶುರು ಮಾಡಿ: ಎಲುಬಿನ ಮೇಜಿನ ಮುಂದೆ ಕೈಯಿಂದ ಕಲಿಯುವ ಬಗೆ

ಭೌತಿಕ ಮಾನವಶಾಸ್ತ್ರದ ಪ್ರಯೋಗಾಲಯಕ್ಕೆ ಮೊದಲ ದಿನ ಬರುವ ಎಲ್ಲರ ಕಣ್ಣೂ ತಲೆಬುರುಡೆಯನ್ನೇ ಹುಡುಕುತ್ತದೆ. ನಾನು ಅದನ್ನು ಕಪಾಟಿನಲ್ಲಿಯೇ ಬಿಟ್ಟು ಪ್ರತಿಯೊಬ್ಬರ ಅಂಗೈಗೆ ಒಂದೊಂದು ಮಂಡಿಚಿಪ್ಪು ಇಡುತ್ತೇನೆ. ಅದರ ಹೆಸರು ಕೇಳುವುದಿಲ್ಲ. ಎಡಗಾಲಿನದೋ ಬಲಗಾಲಿನದೋ ಎಂದಷ್ಟೇ ಕೇಳುತ್ತೇನೆ. ಹತ್ತೊಂಬತ್ತು ವರ್ಷಗಳಿಂದ ಪ್ರಾಯೋಗಿಕ ತರಗತಿ ನಡೆಸುತ್ತಿದ್ದೇನೆ. ಎಲುಬನ್ನು ನಿಜವಾಗಿ ನೋಡಲು ಹಚ್ಚುವ ಪ್ರಶ್ನೆ ಇದಕ್ಕಿಂತ ಉತ್ತಮವಾದದ್ದು ನನಗೆ ಸಿಕ್ಕಿಲ್ಲ. ಹೆಸರನ್ನು ಚಿತ್ರ ನೋಡಿ ಬಾಯಿಪಾಠ ಮಾಡಬಹುದು. ಎಡಬಲ ಹೇಳಬೇಕಾದರೆ ಮೇಲು ಯಾವುದು, ಮುಂದು ಯಾವುದು, ದೇಹದ ನಡುಗೆರೆಯ ಕಡೆಗಿದ್ದ ಬದಿ ಯಾವುದು ಎಂಬ ಮೂರನ್ನೂ ಒಟ್ಟಿಗೆ ತಿಳಿಯಬೇಕು.

ನೀವೂ ಅಲ್ಲಿಂದಲೇ ಆರಂಭಿಸಿ. ಮಂಡಿಚಿಪ್ಪಿನ ಒಂದು ಮುಖ ಒರಟು, ಇನ್ನೊಂದು ನುಣುಪು. ಒರಟು ಮುಖ ಚರ್ಮದ ಕಡೆಗಿದ್ದದ್ದು. ಚೂಪಾದ ತುದಿ ಕೆಳಕ್ಕೆ, ಪಾದದ ಕಡೆಗೆ. ನುಣುಪಾದ ಹಿಂಬದಿಯ ನಡುವೆ ಒಂದು ದಿಣ್ಣೆ ಹಾದುಹೋಗಿ ಅದನ್ನು ಎರಡು ಪಾಲು ಮಾಡುತ್ತದೆ. ದೊಡ್ಡ ಪಾಲು ಹೊರಬದಿಯದು. ಈಗ ನುಣುಪು ಮುಖ ಮೇಜಿಗೆ ತಾಗುವಂತೆ, ಚೂಪು ತುದಿ ನಿಮ್ಮಿಂದ ಆಚೆಗೆ ಇರುವಂತೆ ಇಟ್ಟು ಕೈ ಬಿಡಿ. ಚಿಪ್ಪು ತಾನು ಯಾವ ಬದಿಯದೋ ಆ ಬದಿಗೆ ವಾಲುತ್ತದೆ. ಈ ಉಪಾಯ ನಿಮಗೆ ಮೊದಲೇ ಗೊತ್ತಿದ್ದರೂ ಉತ್ತರವನ್ನು ಬೆರಳಿನಿಂದಲೇ ಕಂಡುಕೊಳ್ಳಿ, ಆಮೇಲೆ ಮೇಜಿನ ಮೇಲಿಟ್ಟು ತಾಳೆ ನೋಡಿ. ಉಪಾಯ ಮರೆತುಹೋಗಬಹುದು. ದೊಡ್ಡ ಪಾಲನ್ನು ಒಮ್ಮೆ ಮುಟ್ಟಿ ಗುರುತಿಸಿದ ಹೆಬ್ಬೆರಳು ಅಷ್ಟು ಬೇಗ ಮರೆಯುವುದಿಲ್ಲ.

ಮುಂದಿನ ಎಲುಬಿಗೆ ಹೋಗುವ ಮುನ್ನ ಹಿಡಿಯುವ ಬಗೆಯನ್ನು ಕಲಿಯಿರಿ. ಮೇಜಿನ ಮೇಲೆ ದಪ್ಪ ಬಟ್ಟೆ ಅಥವಾ ಸ್ಪಂಜಿನ ಹಾಸು ಇರಲಿ. ತಲೆಬುರುಡೆಯನ್ನು ಬಟ್ಟೆಯ ಸಿಂಬಿಯ ಮೇಲೆಯೇ ಕೂರಿಸಿ. ಎತ್ತುವಾಗ ಎರಡೂ ಕೈ ಬಳಸಿ, ಒಂದು ಅಂಗೈ ಬುಡದಲ್ಲಿರಲಿ. ಮೇಜಿನಿಂದ ಒಂದು ಗೇಣಿಗಿಂತ ಮೇಲೆ ಎತ್ತುವ ಅಗತ್ಯ ಬೀಳುವುದೇ ಇಲ್ಲ. ನೋಡಬೇಕಾದವರು ಬಾಗಿ ನೋಡಲಿ. ಕಣ್ಣಿನ ಗುಳಿಗೆ ಬೆರಳು ಹಾಕಿ ಎತ್ತಬಾರದು, ಅಲ್ಲಿನ ಒಳಗೋಡೆ ಕಾಗದದಷ್ಟು ತೆಳು. ಕೆನ್ನೆಯ ಕಮಾನನ್ನು ಹಿಡಿಕೆಯಂತೆ ಹಿಡಿಯಬಾರದು. ನಾನು ವಿದ್ಯಾರ್ಥಿಯಾಗಿದ್ದಾಗ ಹಾಗೆ ಹಿಡಿದು ಒಂದು ಕಮಾನನ್ನು ಮುರಿದಿದ್ದೇನೆ. ಕಡ್ಡಿ ಮುರಿದಷ್ಟು ಸಣ್ಣ ಸದ್ದು. ನಮ್ಮ ಶಿಕ್ಷಕರು ಗದರಲಿಲ್ಲ, ಅಂಟು ತಂದುಕೊಟ್ಟು ಜೋಡಿಸುವವರೆಗೆ ಪಕ್ಕದಲ್ಲಿ ನಿಂತರು. ಅಂದಿನಿಂದ ನನ್ನ ಕೈ ಯಾವ ಬುರುಡೆಯ ಕಮಾನಿನ ಹತ್ತಿರವೂ ಎತ್ತಲೆಂದು ಹೋಗಿಲ್ಲ.

ಪೆನ್ನನ್ನು ಚೀಲದಲ್ಲಿಯೇ ಬಿಡಿ, ಮೇಜಿನ ಬಳಿ ಪೆನ್ಸಿಲ್ ಮಾತ್ರ ಇರಲಿ. ಅದರ ಮೊನೆಯೂ ಎಲುಬಿಗೆ ತಾಗದಿರಲಿ, ತೋರಿಸಲು ಕಿರುಬೆರಳು ಸಾಕು. ಅಳೆಯುವ ಉಪಕರಣವಾದ ಕ್ಯಾಲಿಪರಿನ ಲೋಹದ ತುದಿ ಎಲುಬನ್ನು ಮುಟ್ಟಬೇಕು, ಒತ್ತಬಾರದು. ಬಿದ್ದ ಹಲ್ಲು, ಕಳಚಿದ ಚೂರು ಏನಿದ್ದರೂ ಆ ಕ್ಷಣವೇ ಹೇಳಿ. ಮುಚ್ಚಿಟ್ಟ ಚೂರು ಗುಡಿಸುವಾಗ ಕಸದೊಡನೆ ಹೋಗಿಬಿಡುತ್ತದೆ.

ಇನ್ನೊಂದು ಮಾತನ್ನು ನಾನು ಪ್ರತಿ ವರ್ಷವೂ ತಪ್ಪದೆ ಹೇಳುತ್ತೇನೆ. ಮೇಜಿನ ಮೇಲಿರುವುದು ಪ್ಲಾಸ್ಟಿಕ್ ಮಾದರಿಯಲ್ಲದಿದ್ದರೆ, ಅದು ಒಬ್ಬ ಮನುಷ್ಯ. ಜಗತ್ತಿನ ಬೋಧನಾ ಪ್ರಯೋಗಾಲಯಗಳ ಕಪಾಟುಗಳಲ್ಲಿರುವ ಹಳೆಯ ಅಸ್ಥಿಪಂಜರಗಳಲ್ಲಿ ಬಹಳಷ್ಟು ಭಾರತದಿಂದ ಹೋದವು. 1985ರಲ್ಲಿ ಭಾರತ ಸರ್ಕಾರ ಮಾನವ ಎಲುಬುಗಳ ರಫ್ತನ್ನು ನಿಷೇಧಿಸುವವರೆಗೆ ಆ ವ್ಯಾಪಾರ ನಡೆದೇ ಇತ್ತು. ಹಾಗೆ ಹೋದವರಲ್ಲಿ ಹೆಚ್ಚಿನವರು ಬಡವರು, ಅವರ ಒಪ್ಪಿಗೆಯನ್ನು ಕೇಳಿದವರಿಲ್ಲ. ಆದ್ದರಿಂದ ನನ್ನ ತರಗತಿಯಲ್ಲಿ ಎಲುಬಿನೊಡನೆ ಫೋಟೋ ತೆಗೆಸಿಕೊಳ್ಳುವಂತಿಲ್ಲ, ಬುರುಡೆಗೆ ತಮಾಷೆಯ ಹೆಸರಿಡುವಂತಿಲ್ಲ, ಪೆಟ್ಟಿಗೆಯ ಮೇಲಿನ ಸಂಖ್ಯೆಯೊಂದೇ ಅದರ ಗುರುತು. ಈ ವ್ಯಕ್ತಿ ನಮಗೆ ಕಲಿಸುತ್ತಿದ್ದಾರೆ ಎಂಬ ಎಚ್ಚರವಿದ್ದರೆ ಕೈ ತಾನಾಗಿ ಮೆತ್ತಗಾಗುತ್ತದೆ.

ಈಗ ಉದ್ದ ಎಲುಬುಗಳು. ಇಲ್ಲಿ ನಿಮ್ಮ ದೇಹವೇ ಕೈಪಿಡಿ. ಎಲುಬನ್ನು ಮೇಜಿನ ಮೇಲಿಟ್ಟು ಯೋಚಿಸುವ ಬದಲು ನಿಮ್ಮದೇ ತೊಡೆ, ತೋಳು, ಕಣಕಾಲಿನ ಪಕ್ಕದಲ್ಲಿ ಹಿಡಿದು ನೋಡಿ. ತೊಡೆಯ ಎಲುಬಿನ ಗುಂಡು ತಲೆ ಮೇಲಿದ್ದು ಒಳಬದಿಗೆ ತಿರುಗಿರುತ್ತದೆ, ಹಿಂಬದಿಯಲ್ಲಿ ಉದ್ದಕ್ಕೂ ಒಂದು ಒರಟು ಏಣು ಇಳಿಯುತ್ತದೆ. ಗುಂಡು ಒಳಕ್ಕೆ, ಏಣು ಹಿಂದಕ್ಕೆ ಇದ್ದರೆ ಎಡಬಲ ತೀರ್ಮಾನವಾದಂತೆಯೇ. ಮೇಲ್ತೋಳಿನ ಹ್ಯೂಮರಸ್‌ನ ಗುಂಡೂ ಒಳಕ್ಕೇ. ಅದರ ಕೆಳತುದಿಯ ಹಿಂಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ಆಳವಾದ ಗುಳಿಯಿದೆ, ಮೊಣಕೈ ಚಾಚಿದಾಗ ಮುಂದೋಳಿನ ಎಲುಬಾದ ಅಲ್ನಾದ ತುದಿ ಬಂದು ಕೂರುವ ಜಾಗ ಅದು. ಕಣಕಾಲಿನ ದಪ್ಪ ಎಲುಬಾದ ಟಿಬಿಯಾದ ಮುಂದಿನ ಅಂಚನ್ನು ನಿಮ್ಮ ಚರ್ಮದ ಮೇಲಿಂದಲೇ ಸವರಿ ನೋಡಬಹುದು. ಪಾದದ ಗಂಟಿನ ಒಳಬದಿಯ ಉಬ್ಬು ಟಿಬಿಯಾದ್ದು, ಹೊರಬದಿಯ ಉಬ್ಬು ಅದರ ಪಕ್ಕದ ತೆಳು ಎಲುಬಾದ ಫಿಬ್ಯುಲಾದ್ದು, ಹೊರಗಿನದು ತುಸು ಕೆಳಗಿರುತ್ತದೆ. ಈಗಲೇ ಬಗ್ಗಿ ಮುಟ್ಟಿ ನೋಡಿ.

ಫಿಬ್ಯುಲಾ ಹೆಚ್ಚಿನವರನ್ನು ಕಾಡುತ್ತದೆ. ತೆಳ್ಳಗಿನ ಕೋಲಿನಂತಿದ್ದು ಎಲ್ಲ ಕಡೆಯೂ ಒಂದೇ ಎನಿಸುತ್ತದೆ. ಚಪ್ಪಟೆಯಾದ ಕೆಳತುದಿಯನ್ನು ಹುಡುಕಿ. ಅಲ್ಲಿ ನುಣುಪಾದ ತ್ರಿಕೋನದಂಥ ಮುಖವೊಂದಿದೆ, ಅದು ಒಳಬದಿ. ಅದರ ಹಿಂದೆಯೇ ಬೆರಳ ತುದಿಗೆ ಸಿಗುವ ಸಣ್ಣ ಗುಳಿ, ಅದು ಹಿಂಬದಿ. ಕೊರಳೆಲುಬಿಗೂ ಹೀಗೆಯೇ ಮೂರು ಗುರುತು: ಚಪ್ಪಟೆ ತುದಿ ಭುಜದ ಕಡೆ, ದಪ್ಪ ತುದಿ ಎದೆಯ ಕಡೆ, ಮೇಲ್ಮೈ ನುಣುಪು, ಕೆಳಮೈ ಒರಟು, ಎದೆಯ ಕಡೆಯ ಬಾಗು ಮುಂದಕ್ಕೆ ಉಬ್ಬಿರುತ್ತದೆ. ಪಕ್ಕೆಲುಬಿನಲ್ಲಿ ಕೆಳ ಅಂಚಿನ ಒಳಮೈಯ ತೋಡನ್ನು ಉಗುರಿನಿಂದ ಹುಡುಕಿ. ದಿನಕ್ಕೆ ನಾಲ್ಕು ಎಲುಬಿಗಿಂತ ಹೆಚ್ಚು ಬೇಡ. ಮರುದಿನ ಹೊಸದನ್ನು ಮುಟ್ಟುವ ಮುನ್ನ ಹಿಂದಿನ ನಾಲ್ಕನ್ನು ಕಣ್ಣು ಮುಚ್ಚಿ ಎಡಬಲ ಹೇಳಿ.

ಕಣ್ಣು ಮುಚ್ಚಿ ಎಂದದ್ದು ಬರಿಯ ಮಾತಿಗಲ್ಲ. ಮಣಿಕಟ್ಟಿನ ಎಂಟು ಸಣ್ಣ ಎಲುಬುಗಳ ಮಾದರಿಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, ಕೈ ಒಳಗಿಟ್ಟು, ಹೊರತೆಗೆಯದೆ ಒಂದೊಂದನ್ನೂ ಹೇಳಿಸುತ್ತೇನೆ. ಹ್ಯಾಮೇಟ್‌ಗೆ ಕೊಕ್ಕೆಯಿದೆ. ಲ್ಯೂನೇಟ್ ಅರ್ಧಚಂದ್ರ. ಕ್ಯಾಪಿಟೇಟ್ ಎಲ್ಲಕ್ಕಿಂತ ದೊಡ್ಡದು, ತಲೆಯುಳ್ಳದ್ದು. ಪಿಸಿಫಾರ್ಮ್ ಬಟಾಣಿ ಕಾಳು. ಚಿತ್ರಪಟದಲ್ಲಿ ವಾರಗಟ್ಟಲೆ ಗೊಂದಲವಾಗುವ ಈ ಎಂಟು, ಚೀಲದಲ್ಲಿ ಎರಡು ಮೂರು ದಿನಗಳಲ್ಲಿ ಪರಿಚಯದವಾಗುತ್ತವೆ. ಮುರಿದ ತುಂಡನ್ನು ಗುರುತಿಸಬೇಕಾಗಿ ಬಂದಾಗ, ಪೂರ್ತಿ ಆಕಾರ ಕಾಣದಿದ್ದಾಗ, ನೆರವಿಗೆ ಬರುವುದು ಈ ಬೆರಳಿನ ನೆನಪು.

ಎಡಬಲ ಕೈಗೆ ಹತ್ತಿದ ಮೇಲೆ ಅಳತೆ. ಮಾನವಶಾಸ್ತ್ರದ ಪ್ರಯೋಗಾಲಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ ಇದು. ಉಪಕರಣಗಳು ಸರಳ. ಉದ್ದ ಎಲುಬಿಗೆ ಆಸ್ಟಿಯೊಮೆಟ್ರಿಕ್ ಬೋರ್ಡ್, ಅಂದರೆ ಒಂದು ತುದಿಯಲ್ಲಿ ನಿಂತ ಹಲಗೆ, ಇನ್ನೊಂದು ಕಡೆ ಸರಿಯುವ ಹಲಗೆ, ನಡುವೆ ಮಿಲಿಮೀಟರ್ ಪಟ್ಟಿ. ನೇರ ಅಂತರಕ್ಕೆ ಸ್ಲೈಡಿಂಗ್ ಕ್ಯಾಲಿಪರ್. ಬುರುಡೆಯ ದುಂಡನ್ನು ಬಳಸಿ ಅಳೆಯಲು ಬಾಗಿದ ತೋಳುಗಳ ಸ್ಪ್ರೆಡಿಂಗ್ ಕ್ಯಾಲಿಪರ್. ಪ್ರತಿ ಬಾರಿಯೂ ಮೊದಲು ತುದಿಗಳನ್ನು ಕೂಡಿಸಿ ಸೊನ್ನೆ ಬರುತ್ತದೆಯೇ ನೋಡಿ.

ತೊಡೆಯ ಎಲುಬಿನ ಗರಿಷ್ಠ ಉದ್ದವನ್ನು ಅಳೆಯುವಾಗ ಅದನ್ನು ಹಲಗೆಗಳ ನಡುವೆ ಮಲಗಿಸಿ, ಅತ್ತಿತ್ತ ಮೆಲ್ಲಗೆ ಆಡಿಸುತ್ತ, ಅತಿ ದೊಡ್ಡ ಸಂಖ್ಯೆ ಬರುವ ನಿಲುವನ್ನು ಹುಡುಕಬೇಕು. ಅದೇ ಎಲುಬಿಗೆ ಇನ್ನೊಂದು ಉದ್ದವೂ ಇದೆ. ಕೆಳತುದಿಯ ಎರಡೂ ಉಬ್ಬುಗಳು ನಿಂತ ಹಲಗೆಗೆ ತಾಗಿರುವಂತೆ ಇಟ್ಟು ತೆಗೆದ ಉದ್ದ ಅದು. ಎರಡೂ ಸರಿ, ಎರಡರ ಸಂಖ್ಯೆಯೂ ಬೇರೆ. ಯಾವುದನ್ನು ತೆಗೆದಿರಿ ಎಂದು ಬರೆಯದಿದ್ದರೆ ನಿಮ್ಮ ಸಂಖ್ಯೆಯಿಂದ ಯಾರಿಗೂ ಪ್ರಯೋಜನವಿಲ್ಲ.

ಇದು ಹೊಸಬರಿಗೆ ಮಾತ್ರ ಹೇಳುವ ಎಚ್ಚರಿಕೆಯಲ್ಲ. ಎಲುಬಿನಿಂದ ವ್ಯಕ್ತಿಯ ಎತ್ತರವನ್ನು ಅಂದಾಜು ಮಾಡಲು ಮಿಲ್ಡ್ರೆಡ್ ಟ್ರಾಟರ್ ಮತ್ತು ಗೋಲ್ಡೀನ್ ಗ್ಲೆಸರ್ 1952ರಲ್ಲಿ ಪ್ರಕಟಿಸಿದ ಸೂತ್ರಗಳು ಜಗತ್ತಿನಾದ್ಯಂತ ಬಳಕೆಯಾದವು. ಅವರ ಲಿಖಿತ ವಿವರಣೆಯ ಪ್ರಕಾರ ಟಿಬಿಯಾದ ಉದ್ದದಲ್ಲಿ ಪಾದದ ಗಂಟಿನ ಒಳ ಉಬ್ಬೂ ಸೇರಬೇಕು. 1990ರ ದಶಕದಲ್ಲಿ ರಿಚರ್ಡ್ ಜಾಂಟ್ಜ್ ಮತ್ತು ಜೊತೆಗಾರರು ಅದೇ ಎಲುಬುಗಳಲ್ಲಿ ಕೆಲವನ್ನು ಮತ್ತೆ ಅಳೆದು ನೋಡಿದಾಗ, ಟ್ರಾಟರ್ ಆ ಉಬ್ಬನ್ನು ಬಿಟ್ಟು ಅಳೆದಿದ್ದರು ಎಂಬುದು ಹೊರಬಿತ್ತು. ವ್ಯತ್ಯಾಸ ಸುಮಾರು ಒಂದು ಸೆಂಟಿಮೀಟರ್. ಸೂತ್ರದ ವಿವರಣೆಯನ್ನು ನಂಬಿ ಉಬ್ಬನ್ನು ಸೇರಿಸಿ ಅಳೆದವರೆಲ್ಲರ ಅಂದಾಜಿನಲ್ಲಿ ವ್ಯಕ್ತಿಯ ಎತ್ತರ ಹೆಚ್ಚಾಗಿಯೇ ಬಂದಿತ್ತು. ಟ್ರಾಟರ್ ಅತ್ಯಂತ ಶ್ರದ್ಧೆಯ ವಿಜ್ಞಾನಿ. ಅಂಥವರ ಕೈಗೂ ಬರಹಕ್ಕೂ ನಡುವೆ ಇಷ್ಟು ಅಂತರ ನಾಲ್ಕು ದಶಕ ಯಾರಿಗೂ ಕಾಣದೆ ಉಳಿಯಿತು. ನಾನು ಟಿಬಿಯಾವನ್ನು ಬೋರ್ಡಿನ ಮೇಲಿಟ್ಟಾಗಲೆಲ್ಲ ಈ ಕಥೆ ಹೇಳಿ, ಉಬ್ಬು ಹಲಗೆಗೆ ತಾಗಿದೆಯೋ ಇಲ್ಲವೋ ಎಂಬುದನ್ನು ಪುಟದಲ್ಲಿ ಪೂರ್ತಿ ವಾಕ್ಯವಾಗಿ ಬರೆಸುತ್ತೇನೆ.

ನಿಮ್ಮ ಕೈಯ ತಪ್ಪನ್ನು ನೀವೇ ಅಳೆಯುವುದು ಹೀಗೆ. ಐದು ತೊಡೆಯ ಎಲುಬು ತೆಗೆದುಕೊಂಡು ಉದ್ದ ಅಳೆದು ಬರೆದಿಡಿ. ಒಂದು ವಾರದ ಮೇಲೆ, ಹಿಂದಿನ ಹಾಳೆಯನ್ನು ನೋಡದೆ, ಬೇರೆ ಹಾಳೆಯಲ್ಲಿ ಮತ್ತೆ ಅಳೆಯಿರಿ. ಎರಡು ಸಲದ ವ್ಯತ್ಯಾಸ 1, 0, 2, 1, 1 ಮಿಲಿಮೀಟರ್ ಬಂತೆನ್ನಿ. ಒಂದೊಂದನ್ನೂ ವರ್ಗ ಮಾಡಿ ಕೂಡಿದರೆ 7. ಅದನ್ನು ಎಲುಬುಗಳ ಸಂಖ್ಯೆಯ ಎರಡರಷ್ಟರಿಂದ, ಅಂದರೆ 10ರಿಂದ ಭಾಗಿಸಿದರೆ 0.7. ಅದರ ವರ್ಗಮೂಲ ಸುಮಾರು 0.84 ಮಿಲಿಮೀಟರ್. ಇದಕ್ಕೆ ಅಳತೆಯ ತಾಂತ್ರಿಕ ದೋಷ ಎನ್ನುತ್ತಾರೆ. ಸರಾಸರಿ ಉದ್ದ 440 ಮಿಲಿಮೀಟರ್ ಆಗಿದ್ದರೆ ಈ ದೋಷ ಶೇ 0.19, ಚಿಂತೆಯಿಲ್ಲ. ಇದೇ 0.84 ಮಿಲಿಮೀಟರ್ ದೋಷ, ಕಿವಿಯ ಹಿಂದೆ ಇಳಿಯುವ ಮಾಸ್ಟಾಯ್ಡ್ ಉಬ್ಬಿನ 28 ಮಿಲಿಮೀಟರ್ ಉದ್ದದಲ್ಲಿ ಬಂದರೆ ಶೇ 3 ಆಗುತ್ತದೆ. ಎಲುಬು ಸಣ್ಣದಾದಷ್ಟೂ ಕೈ ಹದವಾಗಿರಬೇಕು. ಸ್ನೇಹಿತರೊಬ್ಬರಿಂದ ಅದೇ ಐದನ್ನು ಅಳೆಸಿ ನಿಮ್ಮ ಸಂಖ್ಯೆಯೊಡನೆ ಹೋಲಿಸಿದರೆ ಇಬ್ಬರ ನಡುವಿನ ದೋಷವೂ ಸಿಗುತ್ತದೆ. ಅದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಆಗ ಯಾರು ಸರಿ ಎಂದು ವಾದಿಸಬೇಡಿ. ಇಬ್ಬರೂ ಎಲುಬನ್ನು ಹೇಗೆ ಹಿಡಿದಿರಿ ಎಂದು ಒಬ್ಬರಿಗೊಬ್ಬರು ಮಾಡಿ ತೋರಿಸಿ, ಕಾರಣ ಅಲ್ಲಿಯೇ ಸಿಗುತ್ತದೆ. ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಬರೆಯುವ ಚಪಲ ಎಲ್ಲರಿಗೂ ಬರುತ್ತದೆ. ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ.

ಮೂರು ನಾಲ್ಕು ವಾರ ಕಳೆದ ಮೇಲೆ ಬುರುಡೆ ಕಪಾಟಿನಿಂದ ಹೊರಬರುತ್ತದೆ. ಉದ್ದ ಅಳೆಯಲು ಕ್ಯಾಲಿಪರಿನ ಒಂದು ತುದಿಯನ್ನು ಹುಬ್ಬುಗಳ ನಡುವಿನ ಉಬ್ಬಿನ ಮೇಲೆ ಎಡಗೈಯಿಂದ ನಿಲ್ಲಿಸಿ, ಇನ್ನೊಂದನ್ನು ಹಿಂದಲೆಯ ನಡುಗೆರೆಯಲ್ಲಿ ಮೇಲೆ ಕೆಳಗೆ ಜಾರಿಸುತ್ತ ಗರಿಷ್ಠವನ್ನು ಹುಡುಕಿ. ಅಗಲಕ್ಕೆ ಎರಡೂ ತುದಿಗಳು ಒಂದೇ ಮಟ್ಟದಲ್ಲಿರಬೇಕು. ಉದ್ದ 178, ಅಗಲ 136 ಬಂದರೆ, ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದಾಗ 76.4 ಸಿಗುತ್ತದೆ.

ಈ ಸಣ್ಣ ಸಂಖ್ಯೆಯ ಹಿಂದೆ ದೊಡ್ಡ ಅನ್ಯಾಯದ ಚರಿತ್ರೆಯಿದೆ. ಸ್ವೀಡನ್ನಿನ ಅಂಗರಚನಾಶಾಸ್ತ್ರಜ್ಞ ಆಂಡರ್ಸ್ ರೆಟ್ಜಿಯಸ್ 1840ರ ದಶಕದಲ್ಲಿ ಬಳಕೆಗೆ ತಂದ ಈ ಸೂಚ್ಯಂಕವನ್ನು ಹಿಡಿದು ಜನರನ್ನು ಜನಾಂಗಗಳಾಗಿ ವಿಂಗಡಿಸಿ, ಮೇಲು ಕೀಳು ಎಂದು ಸಾಧಿಸಲು ಹೊರಟವರು ಬಹಳ ಮಂದಿ. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಅಮೆರಿಕಕ್ಕೆ ವಲಸೆ ಬಂದ ಕುಟುಂಬಗಳ ಸುಮಾರು 18,000 ಜನರನ್ನು ಅಳೆಸಿ, ಅಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ಹೊರಗೆ ಹುಟ್ಟಿ ಬಂದವರಿಗಿಂತ ಬೇರೆಯಾಗಿದೆ ಎಂದು 1912ರ ಹೊತ್ತಿಗೆ ತೋರಿಸಿದರು. ಬದಲಾಗದ ಜನಾಂಗ ಲಕ್ಷಣವೆಂದು ನಂಬಿದ್ದದ್ದು ಒಂದೇ ತಲೆಮಾರಿನಲ್ಲಿ ಸರಿದಿತ್ತು. ಆದ್ದರಿಂದ 76.4 ಎಂದು ಬರೆದ ಮೇಲೆ ಅದರ ಮುಂದೆ ಯಾವ ಜನರ ಹೆಸರನ್ನೂ ಬರೆಯಲು ನಾನು ಬಿಡುವುದಿಲ್ಲ. ಅದು ಆ ಒಂದು ಬುರುಡೆಯ ಅಗಲ ಮತ್ತು ಉದ್ದದ ಸಂಬಂಧ, ಅಷ್ಟೇ.

ಗಂಡೋ ಹೆಣ್ಣೋ, ವಯಸ್ಸೆಷ್ಟು ಎಂಬ ಪ್ರಶ್ನೆಗಳಿಗೆ ಎಲ್ಲರೂ ಆತುರಪಡುತ್ತಾರೆ. ಸೊಂಟದ ಎಲುಬಿನಿಂದ ಆರಂಭಿಸಿ, ಬುರುಡೆಗಿಂತ ಅದು ಹೆಚ್ಚು ನಂಬಿಕೆಗೆ ಅರ್ಹ. ಟಿ. ಡಬ್ಲ್ಯು. ಫೆನಿಸ್ 1969ರಲ್ಲಿ ವಿವರಿಸಿದ, ಮುಂಭಾಗದ ಪ್ಯೂಬಿಸ್ ಎಲುಬಿನ ಮೂರು ಲಕ್ಷಣಗಳನ್ನು ಮೊದಲು ನೋಡಿ, ಆಮೇಲೆ ಹಿಂಬದಿಯ ದೊಡ್ಡ ಕಚ್ಚಿನ ಅಗಲ. ಬುರುಡೆಯಲ್ಲಿ ಹಿಂದಲೆಯ ಏಣು, ಮಾಸ್ಟಾಯ್ಡ್, ಕಣ್ಣಿನ ಗುಳಿಯ ಮೇಲಂಚು, ಹುಬ್ಬಿನ ನಡುವಿನ ಉಬ್ಬು, ಗಲ್ಲ ಈ ಐದಕ್ಕೂ 1ರಿಂದ (ಹೆಣ್ಣಿನ ಕಡೆ) 5ರವರೆಗೆ (ಗಂಡಿನ ಕಡೆ) ಅಂಕ ಕೊಡಿ. ಸೊಂಟಕ್ಕೆ ಅಂಕ ಕೊಡುವಾಗ ಬುರುಡೆಯ ಮೇಲೆ ಬಟ್ಟೆ ಮುಚ್ಚಿರಲಿ. ಇಲ್ಲವಾದರೆ ಒಂದರಲ್ಲಿ ಕಂಡದ್ದನ್ನು ಇನ್ನೊಂದರಲ್ಲಿಯೂ ಕಾಣುತ್ತೀರಿ. ತೀರ್ಪನ್ನು ಕೊನೆಯ ಸಾಲಿಗೆ ಬಿಟ್ಟು, ಅಲ್ಲಿಯೂ ‘ಅಂದಾಜು’ ಎಂಬ ಪದ ಸೇರಿಸಿ. 3 ಬಂದರೆ 3 ಎಂದೇ ಬರೆಯಿರಿ. ವಯಸ್ಸಿಗೆ ಹಲ್ಲು ಮತ್ತು ಬೆಳವಣಿಗೆಯ ತುದಿಗಳು ಕೂಡಿಕೊಂಡಿರುವ ಬಗೆ ಯುವಕರಲ್ಲಿ ಚೆನ್ನಾಗಿ ನೆರವಾಗುತ್ತವೆ. ಕೊರಳೆಲುಬಿನ ಎದೆಯ ಕಡೆಯ ತುದಿ ಎಲ್ಲಕ್ಕಿಂತ ತಡವಾಗಿ, ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತರೊಳಗೆ ಕೂಡುತ್ತದೆ. ಅದು ಕೂಡುವ ಜಾಗದ ಸಂದನ್ನು ಭೂತಗನ್ನಡಿಯಲ್ಲಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಪಳೆಯುಳಿಕೆಗಳ ಅಚ್ಚುಗಳಿದ್ದರೆ ಒಂದೇ ಒಂದು ಕೆಲಸಕ್ಕೆ ಪೂರ್ತಿ ತರಗತಿಯನ್ನು ಮೀಸಲಿಡಿ. ಚಿಂಪಾಂಜಿ, ಮನುಷ್ಯ ಮತ್ತು ದಕ್ಷಿಣ ಆಫ್ರಿಕದಲ್ಲಿ 1924ರಲ್ಲಿ ಸಿಕ್ಕ, ಮನುಷ್ಯನ ಪ್ರಾಚೀನ ಬಂಧುವಿನ ಪಳೆಯುಳಿಕೆಯಾದ ಟಾಂಗ್ ಮಗುವಿನ ಅಚ್ಚು, ಈ ಮೂರನ್ನೂ ಪಕ್ಕಪಕ್ಕ ಇಟ್ಟು, ಮಿದುಳುಬಳ್ಳಿ ಇಳಿಯುವ ಬುಡದ ರಂಧ್ರದ ಜಾಗವನ್ನು ಬೆರಳಿನಿಂದ ಹುಡುಕಿ. ಚಿಂಪಾಂಜಿಯಲ್ಲಿ ಬೆರಳು ಹಿಂದಕ್ಕೆ ಹೋಗುತ್ತದೆ, ಮನುಷ್ಯನಲ್ಲಿ ನಡುವಿಗೆ ಬರುತ್ತದೆ. ಟಾಂಗ್‌ನಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ನೀವೇ ನೋಡಿ, ಮಗುವಿನ ಬುರುಡೆಯನ್ನು ದೊಡ್ಡವರದರೊಡನೆ ಹೋಲಿಸುತ್ತಿದ್ದೀರಿ ಎಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಆ ಬುರುಡೆಯನ್ನು ಮೊದಲು ವಿವರಿಸಿದ ರೇಮಂಡ್ ಡಾರ್ಟ್ 1925ರಲ್ಲಿ ಈ ಜೀವಿ ಎರಡು ಕಾಲಿನ ಮೇಲೆ ನಿಲ್ಲುತ್ತಿತ್ತು ಎಂದು ವಾದಿಸಿದ್ದಕ್ಕೆ ಈ ರಂಧ್ರದ ಸ್ಥಾನವೇ ಆಧಾರ. ಹಲ್ಲು ನೋಡಲು ಸಮಯ ಉಳಿದರೆ ಕೆಳದವಡೆಯ ಅರೆಹಲ್ಲುಗಳ ಮೇಲಿನ ಗುಬುಟುಗಳನ್ನು ಎಣಿಸಿ. ಚಿಂಪಾಂಜಿಯಂಥ ಬಾಲವಿಲ್ಲದ ವಾನರ ಮತ್ತು ಮನುಷ್ಯರಲ್ಲಿ ಸಾಮಾನ್ಯವಾಗಿ ಐದು, ಅವುಗಳ ನಡುವೆ ವೈ ಅಕ್ಷರದಂಥ ತೋಡು.

ಬದುಕಿರುವವರನ್ನು ಅಳೆಯುವಾಗ ಒಪ್ಪಿಗೆ ಕೇಳುವುದರಿಂದ ಆರಂಭಿಸಿ, ಹೆಸರಿನ ಬದಲು ಸಂಖ್ಯೆ ಬರೆಯಿರಿ, ಬೇಡವೆಂದವರನ್ನು ಕಾರಣ ಕೇಳಬೇಡಿ. ಎತ್ತರ ತೆಗೆಯುವಾಗ ಪಾದರಕ್ಷೆಯಿಲ್ಲದೆ ನಿಲ್ಲಿಸಿ, ಕಣ್ಣಿನ ಗುಳಿಯ ಕೆಳಂಚು ಮತ್ತು ಕಿವಿಯ ರಂಧ್ರದ ಮೇಲಂಚು ಒಂದೇ ಸಮತಲದಲ್ಲಿ ಬರುವಂತೆ ತಲೆಯನ್ನು ಹೊಂದಿಸಿ. ಅಳೆದ ಹೊತ್ತನ್ನೂ ಬರೆಯಿರಿ. ಬೆನ್ನಿನ ಮಣಿಗಳ ನಡುವಿನ ಮೆತ್ತೆಗಳು ದಿನವಿಡೀ ಒತ್ತಿಕೊಳ್ಳುವುದರಿಂದ ಸಂಜೆಗೆ ಎಲ್ಲರೂ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿರುತ್ತಾರೆ. ಬೆರಳಚ್ಚು ತೆಗೆಯಲು ಶಾಯಿ ತೆಳ್ಳಗಿರಲಿ, ಉಗುರಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಒಂದೇ ಸಲ ಉರುಳಿಸಿ, ಹಿಂದಕ್ಕೆ ತರಬೇಡಿ. ಗೆರೆಗಳು ಮೂರು ದಿಕ್ಕಿಗೆ ಕವಲೊಡೆಯುವ ಜಾಗ ಒಂದಿದ್ದರೆ ಕುಣಿಕೆ, ಎರಡಿದ್ದರೆ ಸುರುಳಿ, ಸರಳ ಕಮಾನಿನಲ್ಲಿ ಅದು ಇರುವುದೇ ಇಲ್ಲ.

ತರಗತಿಯ ಕೊನೆಯ ಹದಿನೈದು ನಿಮಿಷಗಳನ್ನು ಎತ್ತಿಡುವುದಕ್ಕೆಂದೇ ಉಳಿಸಿಕೊಳ್ಳಿ. ಪೆಟ್ಟಿಗೆಯಲ್ಲಿ ಭಾರವಾದವು ಕೆಳಗೆ, ಬುರುಡೆ ಪ್ರತ್ಯೇಕ, ಕೈಯ ಎಲುಬುಗಳು ಎಡಬಲ ಬೇರೆ ಬೇರೆ ಚೀಲಗಳಲ್ಲಿ. ಒಂದು ಕೈಗೆ 27, ಒಂದು ಪಾದಕ್ಕೆ 26 ಎಂದು ಇಬ್ಬರು ಎಣಿಸಿ. ಒಮ್ಮೆ ನಮ್ಮಲ್ಲಿ ಒಂದು ಕೈಗೆ 26 ಬಂತು. ಎಲ್ಲರೂ ನೆಲದ ಮೇಲೆ ಕೂತು ಅರ್ಧ ಗಂಟೆ ಹುಡುಕಿದೆವು. ಬಟಾಣಿ ಗಾತ್ರದ ಆ ಪಿಸಿಫಾರ್ಮ್ ಮೇಜಿನ ಹಾಸಿನ ಮಡಿಕೆಯಲ್ಲಿತ್ತು. ಹಾಗಾಗಿ ಹಾಸನ್ನು ಕೊಡವಬೇಡಿ. ಮೇಜಿನ ಮೇಲೆಯೇ ಬಿಡಿಸಿ, ಅಂಗೈಯಿಂದ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಸವರಿ ನೋಡಿ, ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಿ.